ಕುತ್ತಿಗೆಯ ಸದ್ದು

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಮಂಗಳೂರಿನ ಬಿಜೈಯ ನಮ್ಮ ಮನೆಯ ಮುರಕಲ್ಲಿನ ಮೆಟ್ಟಿಲ ಪಾಚಿಗೆ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡ ನಾನು, ಆರು ವಾರ ಸುರತ್ಕಲ್ಲಿನ ಶಾಲೆಗೆ ಹೋಗುವಂತಿರಲಿಲ್ಲ. 2020ರ ಆನ್‌ಲೈನ್ ತರಗತಿಗಳಲ್ಲಿ ಮ್ಯೂಟ್ ಆದ ಕಪ್ಪು ಚೌಕಗಳಿಗೆ ಪಾಠ ಹೇಳಿ ದಣಿದಿದ್ದ ನನಗೆ ಅದು ಮತ್ತೆ ಬೇಡವಾಗಿತ್ತು. ಇಂಜಿನಿಯರಿಂಗ್ ಓದುವ ತಂಗಿಯ ಮಗ, ಗೆಳೆಯರೊಂದಿಗೆ ಪ್ರಾಜೆಕ್ಟಿಗಾಗಿ ಕಟ್ಟಿದ್ದ ಗೇಣುದ್ದದ ರೋಬೋಟನ್ನು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ತರಗತಿಯ ಮೇಜಿನ ಮೇಲೆ ಇರಿಸಿದ.

ನಾರ್ವೆಯ ನೋ ಐಸೊಲೇಶನ್ ಸಂಸ್ಥೆಯು ದೀರ್ಘಕಾಲದ ಕಾಯಿಲೆಯ ಮಕ್ಕಳಿಗಾಗಿ ರೂಪಿಸಿದ ಎವಿ1 ಎಂಬ ರೋಬೋಟೇ ಈ ಗೆಳೆಯರಿಗೆ ಮಾದರಿ. ಅದು ಮಗುವಿನ ಬದಲಿಗೆ ತರಗತಿಯಲ್ಲಿ ಕುಳಿತು ಎಲ್ಲವನ್ನೂ ಮಗುವಿಗೆ ತೋರಿಸುತ್ತದೆ, ಆದರೆ ಮಗುವಿನ ಮುಖವನ್ನು ಯಾರಿಗೂ ತೋರಿಸುವುದಿಲ್ಲ. ಹಾಸಿಗೆ ಹಿಡಿದವರ ಸಂಕೋಚ ಬಲ್ಲವರೇ ಹೀಗೆ ಯೋಚಿಸಿರಬೇಕು. “ದೊಡ್ಡಮ್ಮ, ನೀವೂ ಕಾಣಿಸುವುದಿಲ್ಲ” ಎಂದು ಹುಡುಗ ಹೇಳಿದಾಗ, ನೈಟಿಯಲ್ಲಿ ಕಾಲು ಚಾಚಿ ಕುಳಿತಿದ್ದ ನನ್ನ ಅರ್ಧ ಚಿಂತೆ ಕಳೆಯಿತು.

ಮೊದಲ ದಿನ ಎಂಟನೆಯ ತರಗತಿಗೆ ಶಬ್ದದ ಪಾಠ. ಫೋನಿನ ಮೇಲೆ ಬೆರಳು ಎಳೆದರೆ ಅಲ್ಲಿ ರೋಬೋಟಿನ ಕುತ್ತಿಗೆ ತಿರುಗುತ್ತಿತ್ತು, ಆದರೆ ಅರ್ಧ ಸೆಕೆಂಡು ತಡವಾಗಿ. ಹಾಗಾಗಿ ಕೈಯೆತ್ತಿದವಳನ್ನು ದಾಟಿ ಅವಳ ಪಕ್ಕದವಳನ್ನು ನೋಡುತ್ತಿದ್ದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆಂದು ಹೇಳಿದಾಗ ಒಬ್ಬ ಹುಡುಗ ಎದ್ದು, “ಹಾಗಾದರೆ ಬಿಜೈಯಿಂದ ನಿಮ್ಮ ಸ್ವರ ಇಲ್ಲಿಗೆ ಬರಲು 40 ಸೆಕೆಂಡಾದರೂ ಬೇಕಲ್ಲ ಟೀಚರ್?” ಎಂದು ಕೇಳಿದ. ಹದಿನಾಲ್ಕು ಕಿಲೋಮೀಟರಿನ ಲೆಕ್ಕವನ್ನು ಆತ ಆಗಲೇ ಮಾಡಿಯಾಗಿತ್ತು. ಸ್ವರವು ವಿದ್ಯುತ್ ಸಂಕೇತವಾಗಿ, ಬೆಳಕಾಗಿ ಬರುವುದನ್ನು ವಿವರಿಸುವುದರಲ್ಲೇ ಆ ಪೀರಿಯಡ್ ಮುಗಿಯಿತು. ಅಷ್ಟು ಚೆನ್ನಾಗಿ ಆ ಪಾಠವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ಎದುರು ನಿಂತಾಗ ಕಣ್ಣ ತುದಿಯಿಂದಲೇ ಹಿಂದಿನ ಬೆಂಚನ್ನು ಗದರಿಸಬಹುದು. ಇಲ್ಲಿ ಇಡೀ ಕುತ್ತಿಗೆಯನ್ನೇ ತಿರುಗಿಸಬೇಕು, ತಿರುಗಿಸಿದೊಡನೆ ಮೋಟಾರು ‘ಕಿರ್ರ್’ ಎನ್ನುತ್ತದೆ. ಎರಡನೆಯ ವಾರಕ್ಕೆ ಮಕ್ಕಳು ಸದ್ದಿನ ಉದ್ದದಿಂದಲೇ ಪ್ರಶ್ನೆ ಯಾವ ಸಾಲಿಗೆ ಬರುವುದೆಂದು ಊಹಿಸಿ, ನಾನು ನೋಡುವಷ್ಟರಲ್ಲಿ ಪುಸ್ತಕ ಬಿಡಿಸಿ ಕುಳಿತಿರುತ್ತಿದ್ದರು. ಮಳೆ ಜೋರಾಗಿ ಕರೆಂಟು ಹೋದಾಗ ವೈಫೈಯೂ ಕಡಿದು ರೋಬೋಟು ತಲೆ ಬಾಗಿಸುತ್ತಿತ್ತು. ಆಗೆಲ್ಲ “ಟೀಚರ್ ಮಲಗಿದರು” ಎಂದು ಯಾರೋ ಅದಕ್ಕೆ ಕರವಸ್ತ್ರ ಹೊದೆಸುತ್ತಿದ್ದರಂತೆ.

ಪ್ಲಾಸ್ಟರ್ ಬಿಚ್ಚಿಸಿ ತರಗತಿಗೆ ಮರಳಿದ ದಿನ, ಬೋರ್ಡಿನಿಂದ ಮಕ್ಕಳ ಕಡೆಗೆ ತಿರುಗುತ್ತಿದ್ದಂತೆ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ‘ಕಿರ್ರ್’ ಎಂದರು.