ಇಬ್ಬರೂ ಸೋತ ದಿನ

ಭಾನುವಾರ, 2 ಫೆಬ್ರವರಿ 2025

"ಅಲ್ಲಾ, ಇಬ್ಬರೂ ಸೋತರು. ಆಮೇಲೆ ಅವರಲ್ಲೇ ಒಬ್ಬನಿಗೆ ಕಪ್. ಇದೆಂಥಾ ಆಟ ಮಾರಾಯಾ?"

ವಾಪಸ್ ಬರುವಾಗ ದಾರಿಯುದ್ದಕ್ಕೂ ಭಾವನದು ಇದೇ ಪ್ರಶ್ನೆ. ಚೆಸ್‌ನಲ್ಲಿ ಕುದುರೆ ಹೇಗೆ ಹಾರುತ್ತೆ ಅನ್ನೋದು ಬಿಟ್ಟರೆ ಅವರಿಗೆ ಜಾಸ್ತಿ ಏನೂ ಗೊತ್ತಿಲ್ಲ. ಆದರೂ ಇವತ್ತು ಹಾಲ್‌ನಲ್ಲಿ ನನಗಿಂತ ಜಾಸ್ತಿ ಹೊತ್ತು ನಿಂತು ನೋಡಿದವರು ಅವರೇ.

ನಿನ್ನೆ ರಾತ್ರಿ ಅಂಕಪಟ್ಟಿ ನೋಡಿದ ಮೇಲೆ ಮನೆಯಲ್ಲಿ ಕೂರೋಕೆ ಆಗಲಿಲ್ಲ. ಟಾಟಾ ಸ್ಟೀಲ್ ಚೆಸ್ ಟೂರ್ನಿಯ 13 ಸುತ್ತುಗಳಲ್ಲಿ 12 ಮುಗಿದಿತ್ತು. ವಿಶ್ವ ಚಾಂಪಿಯನ್ ಗುಕೇಶ್‌ಗೆ ಎಂಟೂವರೆ ಅಂಕ, ಪ್ರಜ್ಞಾನಂದನಿಗೂ ಎಂಟೂವರೆ. ಒಬ್ಬನಿಗೆ 18, ಇನ್ನೊಬ್ಬನಿಗೆ 19 ವರ್ಷ. ಇಬ್ಬರೂ ಚೆನ್ನೈ ಹುಡುಗರು. ವಿಶ್ವನಾಥನ್ ಆನಂದ್ ಈ ಟೂರ್ನಿ ಕೊನೆಯ ಸಲ ಗೆದ್ದಿದ್ದು 2006ರಲ್ಲಿ, ಅದೂ ಟೋಪಲೊವ್ ಜೊತೆ ಹಂಚಿಕೊಂಡು. ಇಂಥ ದಿನ ಹೋಗದೆ ಇನ್ಯಾವತ್ತು ಹೋಗೋದು?

ಟೂರ್ನಿ ನಡೆಯೋ ವೈಕ್ ಆನ್ ಝೀ ನೆದರ್‌ಲ್ಯಾಂಡ್ಸ್‌ನಲ್ಲಿ ಸಮುದ್ರದ ಪಕ್ಕದ ಪುಟ್ಟ ಊರು. ಡಿ ಮೋರಿಯಾನ್ ಅಂತ ಒಂದು ಕ್ರೀಡಾಭವನ. ಮಹಾ ಮಹಾ ಗ್ರ್ಯಾಂಡ್‌ಮಾಸ್ಟರ್‌ಗಳು ಆಡುವ ಅದೇ ಹಾಲ್‌ನಲ್ಲಿ ಸಾಲು ಸಾಲು ಟೇಬಲ್ ಹಾಕಿ ಹವ್ಯಾಸಿಗಳೂ ಆಡುತ್ತಾರೆ. 1938ರಲ್ಲಿ ಇಲ್ಲಿನ ಉಕ್ಕಿನ ಕಾರ್ಖಾನೆಯವರು ಶುರು ಮಾಡಿದ ಟೂರ್ನಿ, ಆ ಗುಣ ಇನ್ನೂ ಬಿಟ್ಟಿಲ್ಲ. ಭಾವ ಒಂದು ಟೇಬಲ್ ತೋರಿಸಿ, "ವಿಶ್ವ ಚಾಂಪಿಯನ್ ಕೂತಿರೋ ಕೋಣೆಯಲ್ಲಿ ಈ ಅಜ್ಜನೂ ಆಡ್ತಾರಾ?" ಅಂತ ಪಿಸುಗುಟ್ಟಿದರು. ಆಡ್ತಾರೆ ಭಾವ. ನೀವೂ ಆಡಬಹುದು.

ಹಾಲ್‌ನಲ್ಲಿ ನಿಂತರೆ ಇಂಜಿನ್ ಇಲ್ಲ, ಅಂದರೆ ಯಾರು ಮುಂದಿದ್ದಾರೆ ಅಂತ ಲೆಕ್ಕ ಹಾಕಿ ಹೇಳೋ ಕಂಪ್ಯೂಟರ್ ಇಲ್ಲ. ಮನೆಯಲ್ಲಿ ನೋಡುವಾಗ ಪರದೆಯ ಪಕ್ಕದಲ್ಲಿ ಆ ಕಪ್ಪು ಬಿಳಿ ಪಟ್ಟಿ ಇರುತ್ತಲ್ವಾ, ಅದು ಮೇಲೆ ಹೋದ ಕೂಡಲೇ ನಾವೆಲ್ಲ ಪಂಡಿತರು. "ಅಯ್ಯೋ, ಇದು ಕಾಣಲಿಲ್ವಾ ಇವನಿಗೆ!" ಅಂತೀವಿ. ಇಲ್ಲಿ ಆ ಪಟ್ಟಿ ಇಲ್ಲ. ಫೋನ್ ಆಫ್. ಇರೋದು ಬೋರ್ಡ್, ಗಡಿಯಾರ, ಮುಖ, ಅಷ್ಟೇ. ಗುಕೇಶ್ ಕಣ್ಣು ಮುಚ್ಚಿ ಕೂತಿದ್ದಾಗ ಅವನು ಲೆಕ್ಕ ಹಾಕ್ತಿದ್ದಾನಾ, ನೊಂದುಕೊಳ್ತಿದ್ದಾನಾ ಅಂತ ನನಗೆ ಹೇಳೋಕೆ ಆಗಲಿಲ್ಲ. ಅವನು ಯಾವಾಗಲೂ ಹಾಗೇ ಕೂರೋದು. ಇವತ್ತು ಅದೇ ಭಂಗಿ ಬೇರೆ ಥರ ಕಂಡಿತು, ಅಥವಾ ನನ್ನ ಭಯವೇ ಹಾಗೆ ಕಾಣಿಸಿತೋ ಏನೋ.

ಎದುರಿಗೆ ಅರ್ಜುನ್ ಎರಿಗೈಸಿ. ಡಿಸೆಂಬರ್ ಪಟ್ಟಿಯಲ್ಲಿ 2801 ರೇಟಿಂಗ್ ಇದ್ದ ಹುಡುಗ ಈ ಟೂರ್ನಿಯಲ್ಲಿ ಸೋತು ಸೋತು ಪಟ್ಟಿಯ ಕೆಳಗೆ ಬಿದ್ದಿದ್ದ. ಅವನಿಗೆ ಇವತ್ತು ಸಿಗೋದು ಏನೂ ಇರಲಿಲ್ಲ. ಆದರೂ 31 ನಡೆಯಲ್ಲಿ ಗುಕೇಶ್‌ನನ್ನ ಸೋಲಿಸಿಬಿಟ್ಟ. ವಿಶ್ವ ಚಾಂಪಿಯನ್ ಆದ ಮೇಲೆ ಕ್ಲಾಸಿಕಲ್‌ನಲ್ಲಿ, ಅಂದರೆ ಗಂಟೆಗಟ್ಟಲೆ ಆಡೋ ಆಟದಲ್ಲಿ, ಗುಕೇಶ್‌ಗೆ ಮೊದಲ ಸೋಲು. ಹೋದ ವರ್ಷ ಇದೇ ಊರಲ್ಲಿ ಟೈಬ್ರೇಕ್‌ವರೆಗೂ, ಅಂದರೆ ಅಂಕ ಸಮ ಆದವರ ನಿರ್ಣಾಯಕ ಆಟದವರೆಗೂ, ಹೋಗಿ ಚೀನಾದ ವೇಯ್ ಯಿಗೆ ಸೋತಿದ್ದ. ಈ ವರ್ಷ ಟೈಬ್ರೇಕೂ ಸಿಗಲ್ಲ ಅಂದುಕೊಂಡೆ. ಪ್ರಜ್ಞಾನಂದನಿಗೆ ಇನ್ನು ಒಂದು ಡ್ರಾ ಸಾಕಿತ್ತು.

ಹೊರಗೆ ಗಾಳಿಗೆ ಅಂತ ಬಂದೆ. ಬಾಗಿಲ ಹತ್ತಿರ ಒಬ್ಬರು ಹಿರಿಯರು ಆಟದ ಹಾಳೆ ಮಡಚಿ ಜೇಬಿಗೆ ಹಾಕುತ್ತಿದ್ದರು. ಅದೇ ಭಾವ ತೋರಿಸಿದ ಅಜ್ಜ! "ಗೆದ್ದಿರಾ?" ಅಂತ ಕೇಳಿದೆ. ನಕ್ಕರು. ಈ ಸಲ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ ಅಂದರು. ಇವತ್ತೂ ಸೋತೆ, ಒಂದು ಆನೆ ಸುಮ್ನೆ ಬಿಟ್ಟುಕೊಟ್ಟೆ ಅಂತ ಹೇಳುವಾಗ ಮುಖದಲ್ಲಿ ಒಂಚೂರೂ ಬೇಸರ ಇರಲಿಲ್ಲ. ನನಗೆ ಅದೇ ಸಿಟ್ಟು ಬಂತು. ಯಾಕೆ ಅಂದರೆ, ಡಿಸೆಂಬರ್‌ನಲ್ಲಿ ಒಂದು ಟೂರ್ನಿಯಲ್ಲಿ ಸೋತಾಗಿನಿಂದ ನಮ್ಮ ಮಗಳು ಬೋರ್ಡ್ ಮುಟ್ಟಿಲ್ಲ.

ಅವರಿಗೆ ಮಗಳ ಕಥೆ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಗೆಲ್ಲೋ ಆಟ ಕೈಯಾರೆ ಬಿಟ್ಟಳು, ಎದುರಿಗಿದ್ದ ಹುಡುಗ ನಕ್ಕ, ಆವತ್ತಿಂದ ಚೆಸ್ ಅಂದರೆ ಎದ್ದು ಹೋಗ್ತಾಳೆ ಅಂತ. "ಅವಳಿಗೆ ಏನು ಹೇಳಲಿ?" ಅಂದೆ.

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಉಪದೇಶ ಬರುತ್ತೆ ಅಂದುಕೊಂಡೆ. ಬರಲಿಲ್ಲ. "ನೀವು ಅವಳ ಆಟ ನೋಡೋಕೆ ಹೋಗಿದ್ರಾ?" ಅಂತ ಕೇಳಿದರು. ಹೋಗಿದ್ದೆ ಅಂದೆ. "ಎಲ್ಲಿ ನಿಂತಿದ್ರಿ?"

ಇದೆಂಥ ಪ್ರಶ್ನೆ! ಅವಳ ಎದುರಿಗೇ ನಿಂತಿದ್ದೆ. ಹಗ್ಗದ ಈಚೆ, ಅವಳಿಗೆ ಕಾಣೋ ಹಾಗೆ.

"ಹಾಗಾದರೆ ಅವಳು ಇಬ್ಬರ ಜೊತೆ ಆಡ್ತಿದ್ದಳು," ಅಂದವರೇ ಒಳಗೆ ಹೋದರು. ಪ್ರಜ್ಞಾನಂದನ ಆಟ ನೋಡೋ ಅವಸರ ಅವರಿಗೆ.

ನನಗೆ ಒಪ್ಪಿಗೆ ಆಗಲಿಲ್ಲ. ಈಗಲೂ ಇಲ್ಲ. ಪ್ರಜ್ಞಾನಂದನ ಅಮ್ಮ ಮೂಲೆಯಲ್ಲಿ ಕೂತು ಮಗನನ್ನು ನೋಡುವ ಫೋಟೊ ಎಲ್ಲರೂ ನೋಡಿದ್ದೇವಲ್ಲ. ಹಾಗಂತ ಅವನೇನು ಕಡಿಮೆ ಆಡಿದನಾ? ಆದರೆ ಆ ಅಮ್ಮನ ಮುಖ ನೋಡಿದರೆ ಮಗ ಗೆಲ್ತಿದ್ದಾನಾ ಸೋಲ್ತಿದ್ದಾನಾ ಅಂತ ಗೊತ್ತಾಗಲ್ಲ. ನನ್ನ ಮುಖ... ಇರಲಿ.

ಒಳಗೆ ಹೋಗುವಷ್ಟರಲ್ಲಿ ಪ್ರಜ್ಞಾನಂದನ ಎದುರಾಳಿ ವಿನ್ಸೆಂಟ್ ಕೀಮರ್ ಹಿಡಿತ ಬಿಗಿ ಮಾಡಿದ್ದ. ಹಾಲ್ ಖಾಲಿ ಆಗುತ್ತಾ ಬಂತು, ಬೇರೆ ಬೋರ್ಡ್‌ಗಳು ಮುಗಿದವು, ಇದು ಮಾತ್ರ ಮುಗಿಯಲೇ ಇಲ್ಲ. ಅರ್ಧ ಅಂಕ ಸಾಕಿದ್ದವನು ಆ ಅರ್ಧಕ್ಕಾಗಿ ಗಂಟೆಗಟ್ಟಲೆ ಒದ್ದಾಡಿದ. ಹಣೆಯ ಮೇಲೆ ವಿಭೂತಿ, ಎರಡೂ ಕೈ ಕೆನ್ನೆಗೆ. ಭಾವ ನನ್ನ ತೋಳು ಹಿಡಿದುಕೊಂಡಿದ್ದರು. ಏನೂ ಅರ್ಥ ಆಗದವರು! ಕೊನೆಗೆ ಸೋತ. ಭಾವ ಉಸಿರು ಬಿಟ್ಟು, "ಈಗೇನು?" ಅಂದರು.

ಇಬ್ಬರೂ ಮತ್ತೆ ಸಮ, ಈಗ ಟೈಬ್ರೇಕ್‌ಗೆ ಬ್ಲಿಟ್ಜ್. ಮೂರು ನಿಮಿಷ, ನಡೆಗೆ ಎರಡು ಸೆಕೆಂಡ್ ಸೇರ್ಪಡೆ. ಗುಕೇಶ್ ಬೇಗ ಸೋತು ಒಂದಿಷ್ಟು ಸುಧಾರಿಸಿಕೊಂಡಿದ್ದ. ಪ್ರಜ್ಞಾನಂದ ಮ್ಯಾರಥಾನ್ ಸೋತು ಈಗಷ್ಟೇ ಎದ್ದಿದ್ದ. ನ್ಯಾಯವಾ ಇದು? ಮೊದಲನೆಯದು ಗುಕೇಶ್‌ಗೆ ಹೋಯಿತು. ಮುಗೀತು ಅಂದೆ. ಎರಡನೆಯದು ಪ್ರಜ್ಞಾನಂದ ಗೆದ್ದ. ಮೂರನೆಯದು ಸಡನ್ ಡೆತ್, ಬಿಳಿಗೆ ಎರಡೂವರೆ ನಿಮಿಷ, ಕಪ್ಪಿಗೆ ಮೂರು, ಯಾರು ಮೊದಲು ಗೆಲ್ತಾರೋ ಅವರದೇ ಟೂರ್ನಿ. ಮುಂದೆ ಉದ್ದ ಮನುಷ್ಯರು ನಿಂತು ನನಗೆ ಬೋರ್ಡ್ ಕಾಣದು, ಕೈಗಳು ಗಡಿಯಾರ ಕುಟ್ಟುವುದಷ್ಟೇ ಕಂಡಿದ್ದು. ಗುಕೇಶ್ ಮೊದಲು ಒಂದು ಕಾಲಾಳು ಕಳಕೊಂಡ, ಆಮೇಲೆ ಕುದುರೆಯೂ ಹೋಯಿತು ಅಂತ ತಿಳಿದಿದ್ದು ಆಮೇಲೆ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಯಾರಿಗೆ ಅಂತ ನೋಡದೇ ತಟ್ಟಿದೆ.

ಅರ್ಜುನ್‌ಗೆ ಪ್ರಜ್ಞಾನಂದ ಒಂದು ದೊಡ್ಡ ಉಡುಗೊರೆ ಕೊಡಬೇಕು, ಅಲ್ವಾ? ಕೊನೆಗೆ ಮೂರನೇ ಸ್ಥಾನ ಪಡೆದ ಅಬ್ದುಸತ್ತೋರೊವ್‌ನನ್ನ ಸೋಲಿಸಿದ್ದೂ ಅರ್ಜುನ್‌ನೇ.

ಮನೆಗೆ ಬಂದಾಗ ಮಗಳು ಎದ್ದಿದ್ದಳು. ಯಾರು ಗೆದ್ದರು ಅಂತ ಕೇಳಲಿಲ್ಲ. "ಗುಕೇಶ್ ಅತ್ತನಾ?" ಅಂದಳು. ಜನ ಅಡ್ಡ ಇದ್ದರು, ಕಾಣಲಿಲ್ಲ ಅಂದೆ. ಸಿಂಗಪುರದಲ್ಲಿ ಗೆದ್ದಾಗ ಅತ್ತಿದ್ದನಲ್ಲ, ಅಳುತ್ತಲೇ ಕಾಯಿಗಳನ್ನೆಲ್ಲ ಜಾಗಕ್ಕೆ ಜೋಡಿಸಿದನಲ್ಲ, ಇವತ್ತು ಜೋಡಿಸಿದನಾ ಅಂತ ಮತ್ತೆ ಕೇಳಿದಳು. ಅದೂ ನೋಡಲಿಲ್ಲ. "ಹಾಗಾದರೆ ಅಲ್ಲಿ ನಿಂತು ಏನು ನೋಡಿದೆ?"

ನಾಳೆ ಮೂರನೇ ಆಟ ಅವಳ ಜೊತೆ ಕೂತು ನೋಡೋಣ ಅಂತಿದೀನಿ. ಎದುರಿಗೆ ಬೇಡ, ಪಕ್ಕಕ್ಕೆ ಕೂರೋದು. ಅಥವಾ ಲ್ಯಾಪ್‌ಟಾಪ್ ಕೊಟ್ಟು ನಾನು ಅಡುಗೆಮನೆಗೆ ಹೋಗಿಬಿಡಲಾ? ಆ ಕಪ್ಪು ಬಿಳಿ ಪಟ್ಟಿ ಮಾತ್ರ ಮುಚ್ಚಿಡಬೇಕು, ಇಲ್ಲಾಂದ್ರೆ ಅವಳು ಬೋರ್ಡ್ ಬಿಟ್ಟು ಅದನ್ನೇ ನೋಡ್ತಾಳೆ.