ಎಚ್-ಕ್ಲಸ್ಟರ್ ಮಾಡೆಲ್: ಎರಡು ಕಬ್ಬಿಣದ ತುಂಡು ಕೊನೆಗೂ ಕೂತಿತು

ಕೂತಿತು! ನಾನು ಕಟ್ಟುತ್ತಿರುವುದು ಹೈಡ್ರೋಜನ್ ಹುಟ್ಟಿಸುವ ಕಿಣ್ವ ಹೈಡ್ರೋಜಿನೇಸ್‌ನ ಮಾಡೆಲ್; ಎಚ್-ಕ್ಲಸ್ಟರ್ ಅಂದರೆ ಆ ಕೆಲಸ ನಡೆಯುವ ಅದರ ಕಬ್ಬಿಣ-ಗಂಧಕದ ನಡುಭಾಗ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅದರ ಎರಡು ಕಬ್ಬಿಣದ ತುಂಡು (ಎರಡು ಕಬ್ಬಿಣದ ಪರಮಾಣು ಇರುವ ಒಂದೇ ತುಂಡು) ಕಿಣ್ವದ ಪಾಕೆಟ್ ಒಳಗೆ ಇಳಿದು, ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗೂಟಕ್ಕೆ ಟಕ್ ಅಂತ ಸಿಕ್ಕಿಕೊಂಡಿತು. ಮೂರು ವಾರದಿಂದ ಇದೊಂದೇ ಕೆಲಸ ತಲೆ ತಿನ್ನುತ್ತಿತ್ತು.

ಪ್ರಿಂಟು, ಪ್ರೈಮರ್, ಬಣ್ಣದ ಕತೆ ಬೇಡ, ನಿಮಗೆಲ್ಲ ಗೊತ್ತಿರುವುದೇ. ಅಳತೆ ಮಾತ್ರ ಹೇಳಿಬಿಡುತ್ತೇನೆ: ಮಿಲಿಮೀಟರಿನ ಕೋಟಿಯ ಒಂದು ಭಾಗ, ಅಂದರೆ ಒಂದು ಆಂಗ್‌ಸ್ಟ್ರಾಮ್‌ಗೆ 2 ಸೆಂ.ಮೀ. ಇಡೀ ಪ್ರೋಟೀನ್ ಮಾಡಿದರೆ ಮೇಜು ಸಾಲದು, ಅದಕ್ಕೆ ಪಾಕೆಟ್ ಸುತ್ತಲಿನ ಭಾಗ ಅಷ್ಟೇ. ಕ್ಲಾಮಿಡೊಮೊನಾಸ್ ಪಾಚಿಯ ಹೈಡ್ರೋಜಿನೇಸ್‌ನ 2010ರ ರಚನೆ, ಪ್ರೋಟೀನ್ ರಚನೆಗಳ ಸಂಗ್ರಹದಲ್ಲಿರುವ 3ಎಲ್‌ಎಕ್ಸ್4 ಫೈಲು, ತೆಗೆದುಕೊಂಡೆ. ಅದು ಅರ್ಧಕ್ಕೆ ನಿಂತ ಕಿಣ್ವ. ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಗೂಡು ಆಗಲೇ ಒಳಗಿದೆ. ಎರಡು ಕಬ್ಬಿಣದ ತುಂಡು ಮಾತ್ರ ಬಂದಿಲ್ಲ. ಅದು ಬರಬೇಕಾದ ಕಾಲುವೆ ಬಾಯಿ ತೆರೆದುಕೊಂಡೇ ಇದೆ. ಕಾಲುವೆಯ ಗೋಡೆ ಧನ ಆವೇಶದ್ದು, ತುಂಡು ಋಣ ಆವೇಶದ್ದು. ಹಾಗಾಗಿ ಗೋಡೆಗೆಲ್ಲ ನೀಲಿ ಬಳಿದೆ.

ಇನ್ನು ತೊಂದರೆ. ತುಂಡು ಕಾಲುವೆಯಲ್ಲಿ ಚೆನ್ನಾಗಿ ಇಳಿಯುತ್ತಿತ್ತು. ಕೊನೆಯಲ್ಲಿ ನಿಂತುಬಿಡುತ್ತಿತ್ತು. ಗೂಟಕ್ಕೂ ಕಬ್ಬಿಣಕ್ಕೂ ಒಂದು ಬೆರಳಿನ ಅಂತರ. ತಿರುಗಿಸಿದರೂ ಇಲ್ಲ, ಒತ್ತಿದರೂ ಇಲ್ಲ.

ಮೊದಲು ಪರಮಾಣುಗಳಿಗೆ ಬಳಸಿದ ಮರದ ಗುಂಡುಗಳ ಮೇಲೆ ಅನುಮಾನ ಬಂತು. ನಾನು ಕೇಳಿದ್ದು 18 ಮಿ.ಮೀ., ಅಂಗಡಿಯವರು ಕಳಿಸಿದ್ದು 20. ಫೋನ್ ಮಾಡಿದರೆ "ಎರಡು ಮಿ.ಮೀ. ಏನು ಮಹಾ ಸರ್, ಪ್ಯಾಕೆಟ್ ಬೇರೆ ಒಡೆದಿದ್ದೀರಿ" ಅಂದರು. ಆ ಎರಡು ಮಿ.ಮೀ. ನಮಗೆ ಎಷ್ಟು ದೊಡ್ಡದು ಅಂತ ಇದನ್ನು ಓದುವವರಿಗೆ ಹೇಳಬೇಕಾಗಿಲ್ಲ. ಮೂರು ಸಂಜೆ ಕೂತು ಒಂದೊಂದೇ ಗುಂಡು ಉಜ್ಜಿದೆ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಪುಡಿ. ಆದರೂ ತುಂಡು ಅಲ್ಲೇ ನಿಂತಿತು.

ಆಮೇಲೆ ಅದನ್ನು ಹೊರಗೆ ತೆಗೆದು, ಕಬ್ಬಿಣದ ಗುಂಡಿನ ತೂತು ಎಣಿಸಿದೆ. ಆರು ತೂತು. ಎರಡಕ್ಕೆ ಗಂಧಕ, ಎರಡಕ್ಕೆ ಕಾರ್ಬನ್ ಮಾನಾಕ್ಸೈಡ್ (ಸಿಒ), ಒಂದಕ್ಕೆ ಸಯನೈಡ್, ಇನ್ನೊಂದಕ್ಕೆ ಪಕ್ಕದ ಕಬ್ಬಿಣ. ಎಲ್ಲವೂ ಭರ್ತಿ! ಸಿಸ್ಟೀನ್ ಗೂಟ ಹೋಗುವುದಾದರೂ ಎಲ್ಲಿಗೆ? ಗುಂಡು ದಪ್ಪವಾಗಿದ್ದಕ್ಕೆ ಅಲ್ಲ, ಜಾಗವೇ ಇಲ್ಲದ್ದಕ್ಕೆ ಅದು ಕೂರುತ್ತಿರಲಿಲ್ಲ.

ಉತ್ತರ ಪಾಕೆಟ್ ಒಳಗೇ ಇದೆ. ತುಂಡು ಹೊರಗಿದ್ದಾಗ ಅದಕ್ಕೆ ನಾಲ್ಕು ಸಿಒ. ಕಿಣ್ವದೊಳಗೆ ಕೂತಮೇಲೆ ಮೂರೇ. 2013ರಲ್ಲಿ ವಿಜ್ಞಾನಿಗಳು ಲ್ಯಾಬಿನಲ್ಲಿ ತಯಾರಿಸಿದ ತುಂಡನ್ನೇ ಖಾಲಿ ಕಿಣ್ವಕ್ಕೆ ಕೊಟ್ಟು ಅದಕ್ಕೆ ಜೀವ ಬರಿಸಿದರು; ಆ ತುಂಡಿಗೂ ನಾಲ್ಕೇ ಸಿಒ ಇದ್ದವು. ಕೂರುವಾಗ ಒಂದು ಸಿಒ ಬಿಟ್ಟುಹೋಗುತ್ತದೆ, ಇನ್ನೊಂದು ಎರಡೂ ಕಬ್ಬಿಣದ ನಡುವೆ ಸೇತುವೆಯಾಗಿ ಸರಿಯುತ್ತದೆ. ಗೂಡಿನ ಕಡೆಯ ಕಬ್ಬಿಣಕ್ಕೆ ಸಿಸ್ಟೀನ್ ಸಿಗುತ್ತದೆ. ಆಚೆಯ ಕಬ್ಬಿಣದಲ್ಲಿ ಒಂದು ತೂತು ಖಾಲಿ ಉಳಿಯುತ್ತದೆ. ಹೈಡ್ರೋಜನ್ ಹುಟ್ಟುವುದು ಆ ಖಾಲಿ ಜಾಗದಲ್ಲೇ! ತುಂಡಿನ ಎರಡು ಗಂಧಕವನ್ನು ಜೋಡಿಸುವ ಇನ್ನೊಂದು ಸೇತುವೆಯ ಸಾರಜನಕ ಅದರ ಎದುರಿಗೇ ನಿಂತು ಪ್ರೋಟಾನ್ ದಾಟಿಸುತ್ತದೆ. ಮೂರು ಸಂಜೆ ಉಜ್ಜಿದ್ದು ವ್ಯರ್ಥ ಅಂತ ನನಗೆ ಅನಿಸಲೇ ಇಲ್ಲ.

ಈಗ ಒಂದು ಸಿಒಗೆ ಅಂಟು ತೆಗೆದು ಮ್ಯಾಗ್ನೆಟ್ ಹಾಕಿದ್ದೇನೆ, ಒತ್ತಿದರೆ ಕಳಚುತ್ತದೆ. ಸೇತುವೆಯಾಗುವ ಸಿಒಗೆ ಹಿತ್ತಾಳೆ ಕೀಲು.

ಜೀವಕೋಶ ಈ ತುಂಡನ್ನು ಹೇಗೆ ಕಟ್ಟುತ್ತದೆ ಅನ್ನುವ ಮಾಡೆಲ್ ಮೊದಲೇ ಮುಗಿದಿತ್ತು. ತುಂಡು ಕಟ್ಟುವ ಮೂರು ಸಹಾಯಕ ಪ್ರೋಟೀನುಗಳಲ್ಲಿ (ಹೈಡ್-ಜಿ, ಹೈಡ್-ಇ, ಹೈಡ್-ಎಫ್) ನನಗೆ ಇಷ್ಟವಾದದ್ದು ಹೈಡ್-ಜಿ. ಅದು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಮುರಿದು, ಆ ಒಂದರಿಂದಲೇ ಸಿಒ, ಸಯನೈಡ್ ಎರಡನ್ನೂ ಹೊರಡಿಸುತ್ತದೆ. ಎರಡೂ ವಿಷ, ಅಲ್ವಾ? ಅವು ಅಲೆಯಲು ಬಿಡದೆ ಅಲ್ಲೇ ಕಬ್ಬಿಣಕ್ಕೆ ಕಟ್ಟುತ್ತದೆ: ಒಂದು ಕಬ್ಬಿಣ, ಎರಡು ಸಿಒ, ಒಂದು ಸಯನೈಡ್. ಉಳಿದ ಚೂರು ಪ್ಯಾರಾ-ಕ್ರೆಸಾಲ್, ದನದ ಕೊಟ್ಟಿಗೆಯ ವಾಸನೆಯಲ್ಲಿ ಇರುವುದೂ ಅದೇ. ಇಂಥ ಎರಡು ಕಬ್ಬಿಣ ಸೇರಿದರೆ ಲೆಕ್ಕ ಸರಿಯಾಗಿ ನಾಲ್ಕು ಸಿಒ, ಎರಡು ಸಯನೈಡ್. ಹೈಡ್-ಇ ಮುಂದಿನ ಹೆಜ್ಜೆ ಮಾಡುತ್ತದೆ. ಹೈಡ್-ಎಫ್ ತುಂಡನ್ನು ಹಿಡಿದುಕೊಂಡು ಕಿಣ್ವಕ್ಕೆ ತಂದುಕೊಡುತ್ತದೆ. ಬಡಗಿ ಮರದ ಅಚ್ಚಿನಲ್ಲಿಟ್ಟು ಜೋಡಿಸಿದ ಹಾಗೆ.

ಮಧ್ಯೆ ಒಂದು ಮಾತು. ಮುಂದಿನದು ನಿಕೆಲ್-ಕಬ್ಬಿಣದ ಹೈಡ್ರೋಜಿನೇಸ್, ಬಹುಶಃ ದೀಪಾವಳಿ ರಜೆಯಲ್ಲಿ. ಅಲ್ಲಿ ಸಯನೈಡ್ ಬರುವುದು ಕಾರ್ಬಮಾಯಿಲ್ ಫಾಸ್ಫೇಟ್‌ನಿಂದ. ಕಬ್ಬಿಣ ಮೊದಲು, ನಿಕೆಲ್ ಆಮೇಲೆ. ಎಲ್ಲ ಕೂತಮೇಲೆ ಪ್ರೋಟಿಯೇಸ್ ಎಂಬ ಇನ್ನೊಂದು ಕಿಣ್ವ ಬಂದು ಪ್ರೋಟೀನಿನ ಬಾಲವನ್ನು ಕತ್ತರಿಸುತ್ತದೆ! ಆ ಬಾಲವನ್ನು ಯಾವುದರಲ್ಲಿ ಮಾಡಲಿ? ರಬ್ಬರ್ ಟ್ಯೂಬು ಸರಿಯಾ, ದಾರವಾ? ಮಾಡಿದವರಿದ್ದರೆ ಹೇಳಿ.

ಈಗಿನ ಎಚ್-ಕ್ಲಸ್ಟರ್ ಮಾಡೆಲ್‌ನಲ್ಲಿ ಇನ್ನು ಉಳಿದಿರುವುದು ಮುಚ್ಚಳ. ತುಂಡು ಕೂತಮೇಲೆ ಪ್ರೋಟೀನಿನ ಎರಡು ಕುಣಿಕೆ ಸರಿದು ಕಾಲುವೆಯ ಬಾಯಿ ಮುಚ್ಚಬೇಕು. ಮೊದಲ ಕುಣಿಕೆ ಸಲೀಸಾಗಿ ಬರುತ್ತಿದೆ. ಎರಡನೆಯದು ಸೇತುವೆ ಸಿಒಗೆ ತಾಗುತ್ತಿದೆ. ಇವತ್ತು ರಾತ್ರಿ ಮತ್ತೆ ಅರ ಹಿಡಿಯುತ್ತೇನೆ.