20 ಕೆಜಿ ಡಂಬೆಲ್

ಇವತ್ತು ಜಿಮ್‌ನಲ್ಲಿ 20 ಕೆಜಿ ಡಂಬೆಲ್ ಎತ್ತಿದೆ. ಎತ್ತಿದ್ದು ತೋಳಲ್ಲ, ಸೊಂಟ. ಕನ್ನಡಿಯಲ್ಲಿ ನೋಡಿದರೆ ಬಾವಿಯಿಂದ ಕೊಡ ಸೇದುವವನ ಹಾಗೆ ಹಿಂದಕ್ಕೆ ವಾಲಿದ್ದೆ.

ಪಕ್ಕದಲ್ಲಿ ಒಬ್ಬರು ಅಂಕಲ್. ಕೈಯಲ್ಲಿ ಬರೀ 10 ಕೆಜಿ. ನಿಧಾನಕ್ಕೆ ಮೇಲೆ, ಇನ್ನೂ ನಿಧಾನಕ್ಕೆ ಕೆಳಗೆ. 18ನೇ ಸಲಕ್ಕೆ ತೋಳು ಗಡಗಡ ನಡುಗುತ್ತಿತ್ತು. ಆ ತೋಳು ನನ್ನ ಎರಡು ತೋಳಿನಷ್ಟಿದೆ, ಸುಳ್ಳಲ್ಲ!

ಶುರುವಿನ ವಾರಗಳಲ್ಲಿ ಎತ್ತುವ ತೂಕ ಏರುವುದು ಹೆಚ್ಚಾಗಿ ನರಗಳು ಕೆಲಸ ಕಲಿಯುವುದರಿಂದ. ಸ್ನಾಯು ದಪ್ಪ ಆಗೋದು ನಿಧಾನ. 6 ಸಲಕ್ಕೇ ಸುಸ್ತಾಗುವ ಭಾರವಾದರೂ ಸರಿ, 25 ಸಲ ಎತ್ತುವ ಹಗುರವಾದರೂ ಸರಿ, ‘ಇನ್ನೊಂದು ಆಗಲ್ಲಪ್ಪಾ’ ಅನ್ನುವ ಹತ್ತಿರ ಹೋದರೆ ಸ್ನಾಯು ಬೆಳೆಯುತ್ತದೆ.

ಇದೆಲ್ಲ ಗೊತ್ತಿದ್ದೂ 20ಕ್ಕೇ ಕೈ ಹಾಕಿದೆನಲ್ಲ!

ನಾಳೆಯಿಂದ 10. ಅಂಕಲ್ ಇಲ್ಲದ ಹೊತ್ತಲ್ಲಿ.